ಹೋಗಿ ಬರ್ತೀನಿ ಎಂದ ಕೈ

ಕೆಲಸದಿಂದ ನಿವೃತ್ತಳಾದ ದಿನ ನಮ್ಮ ಕೇಂದ್ರದ ಹೊಸ ಹುಡುಗಿಯರು ನನ್ನ ಕೈಗೆ ಒಂದು ನೋಟುಪುಸ್ತಕ ಕೊಟ್ಟರು. "ಟೀಚರಕ್ಕಾ, ಟ್ರೈನಿಂಗ್‌ನಾಗೆ ಹೇಳ್ಕೊಡದೆ ಇರೋದೆಲ್ಲ ಇದರಾಗೆ ಬರೀರಿ" ಎಂದರು. ನಾನು ಓದಿದ್ದು ಎಂಟನೇ ತರಗತಿ, ಅದೂ ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಅದರ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ನಮ್ಮ ಮಾವನವರಿಂದ. ಐದು ತಿಂಗಳು ಆ ಪುಸ್ತಕ ಅಕ್ಕಿ ಡಬ್ಬದ ಮೇಲೆ ಹಾಗೇ ಇತ್ತು. ಈಗ ನನ್ನನ್ನು ಬರೆಯಲು ಕೂರಿಸಿದ್ದು ದಿಂಡಿಗಲ್ಲಿನಿಂದ ಬಂದ ಒಂದು ಕಾಗದ.

ದಿಂಡಿಗಲ್ಲಿನಲ್ಲಿ ಒಂದು ಆಶ್ರಯಮನೆ ಇದೆ. ಕಣ್ಣು ಕಿವಿ ಎರಡೂ ಇಲ್ಲದವರು, ಅದರ ಜೊತೆಗೆ ಕಾಲೋ ಬುದ್ಧಿಯೋ ಸೋತವರು ಅಲ್ಲಿರುತ್ತಾರೆ. ಅಲ್ಲಿನ ಗಂಡಸರ ವಿಭಾಗವನ್ನು ಪೊಂಗಲ್‌ಗೆ ಮೊದಲು ತಿರುಚ್ಚಿಯ ಆಚೆಗೆ ಸಾಗಿಸುತ್ತಾರಂತೆ. "ಬೊಮ್ಮಯ್ಯ ಎಂಬವರನ್ನು ನೋಡಲು ವರ್ಷಕ್ಕೊಮ್ಮೆ ಬರುವ ಊರಿನವರು ನೀವು. ಅವರ ಸಂಬಂಧಿಕರು ಯಾರಾದರೂ ಉಳಿದಿದ್ದರೆ ತಿಳಿಸಿ. ಮನೆಗೆ ಕರೆದುಕೊಂಡು ಹೋಗಬಹುದು. ಆದರೆ ಬೊಮ್ಮಯ್ಯ ತಾನಾಗಿ ಒಪ್ಪಿ ಹೊರಡಬೇಕು" ಎಂದು ಬರೆದಿದ್ದರು.

ಬೊಮ್ಮಯ್ಯ ಊರಿನವನಲ್ಲ, ನನ್ನ ಒಡಹುಟ್ಟಿದ ತಮ್ಮ. ಇಪ್ಪತ್ತಾರು ವರ್ಷ ನಾನು ಇಂಥ ಮಕ್ಕಳ ಮನೆಗಳಿಗೆ ಅಲೆದೆ. "ನಿಮ್ಮನೇಲಿ ಇಂಥ ಕೂಸು ಯಾವ್ದಾನಾ ಇತ್ತಾ ಟೀಚರಕ್ಕಾ?" ಎಂದು ಎಷ್ಟೋ ತಾಯಂದಿರು ಕೇಳಿದರು. ಪ್ರತಿ ಸಲವೂ ಇಲ್ಲ ಎಂದೆ. ಮುಂದಿನ ವಾರ ಅವನನ್ನು ಕರೆತರಲು ಹೋಗುತ್ತೇನೆ. ನನ್ನ ಜೊತೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಇದಿಷ್ಟನ್ನು ಹೋಗುವ ಮೊದಲು ಬರೆಯುತ್ತೇನೆ, ಉಳಿದದ್ದನ್ನು ಆಮೇಲೆ.

ನಮ್ಮೂರು ತಮಿಳು ಸೀಮೆಯ ತೇನಿ ಕಡೆ, ಚಿನ್ನಮನೂರಿನ ಹತ್ತಿರದ ಮಾರ್ಕಯನ್‌ಕೋಟ್ಟೈ. ಬೊಮ್ಮಯ್ಯ ಹೊಟ್ಟೆಯಲ್ಲಿದ್ದಾಗ ಅವ್ವನಿಗೆ ಮೈಯೆಲ್ಲ ಕೆಂಪು ದದ್ದು ಎದ್ದು ಮೂರು ದಿನ ಜ್ವರ ಬಂದಿತ್ತು. ಅವನು ಹುಟ್ಟಿದಾಗ ಎರಡೂ ಕಣ್ಣಿನ ಪಾಪೆಗಳು ಹಾಲು ಹನಿಸಿದಂತೆ ಬೆಳ್ಳಗಿದ್ದವು. ಕಿವಿಯೂ ಇಲ್ಲ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು. ಒಂದು ಕಾಲಿಗೆ ಬಲ ಕಡಿಮೆ. ನಾನು ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡ ಮೇಲೆ ಅವ್ವ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗಬೇಕಾಯಿತು. ನನ್ನನ್ನು ಶಾಲೆ ಬಿಡಿಸಿ ಅವನ ಪಕ್ಕ ಕೂರಿಸಿದರು.

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೀನಿ' ಎನ್ನಬಾರದು. 'ಹೋಗಿ ಬರ್ತೀನಿ' ಎನ್ನಬೇಕು. ಬರೀ 'ಹೋದ' ಎಂದರೆ ಸತ್ತ ಎಂದೇ ಅರ್ಥ. ನೀರಿಗೋ ಅಂಗಡಿಗೋ ಹೊರಟಾಗ ಬೊಮ್ಮಯ್ಯನಿಗೂ ನಾನು ಹಾಗೆಯೇ ಹೇಳಬೇಕಿತ್ತಲ್ಲ. ಅವನ ಎಡಗೈಯ ಅಂಗೈಯನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತುತ್ತಿದ್ದೆ. ಒಂದು ಹೋಗುವುದಕ್ಕೆ, ಒಂದು ಬರುವುದಕ್ಕೆ. ಬಂದ ಮೇಲೆ ಅವನ ಬೆರಳುಗಳನ್ನು ಮಡಿಸಿ ಮುಷ್ಟಿ ಮಾಡುತ್ತಿದ್ದೆ. ಬಂದೆ, ಆಯಿತು ಎಂದು. ನಾನು ಬರುವವರೆಗೆ ಅವನು ಅಂಗೈ ತೆರೆದು ಹಿಡಿದೇ ಇರುತ್ತಿದ್ದ. ಒಂದು ದಿನ ಗೆಳತಿಯರ ಜೊತೆ ಕಾಲುವೆಗೆ ಹೋದವಳು ಮಧ್ಯಾಹ್ನ ದಾಟಿ ಬಂದೆ. ಅವನ ಅಂಗೈ ಮೇಲೆ ಇರುವೆಗಳು ಹರಿದಾಡುತ್ತಿದ್ದವು, ಒಂದೆರಡು ಕಚ್ಚಿ ಕೆಂಪಾಗಿತ್ತು. ಕೈ ಮುಚ್ಚಿರಲಿಲ್ಲ.

ಈಗ ಕೆಲಸದ ವಿಷಯ.

ತೇನಿಯಲ್ಲಿ ಕೇಂದ್ರ ಶುರುವಾದಾಗ ನನಗೆ ಮೂವತ್ತನಾಲ್ಕು. ಒಂದಕ್ಕಿಂತ ಹೆಚ್ಚು ಕೊರತೆಯಿರುವ ಎಳೆ ಮಕ್ಕಳನ್ನು ಐದಾರು ವರ್ಷ ತುಂಬುವುದರೊಳಗೆ ಹಿಡಿದು, ಕೂರಲು, ನುಂಗಲು, ಮುಟ್ಟಲು, ಬೇಕು ಬೇಡ ಹೇಳಲು ಕಲಿಸುವ ಕೇಂದ್ರ ಅದು. ಹಳ್ಳಿ ಮನೆಗಳಿಗೆ ಹೋಗಿ ಬರುವ ಹೆಂಗಸರು ಬೇಕಾಗಿದ್ದರು. ಮೇಲ್ವಿಚಾರಕಿ ರಾಜಾತಿ ಮೇಡಂ ಮಧುರೆಯವರು. ನನ್ನನ್ನು ಏನೂ ಕೇಳಲಿಲ್ಲ. ಚೀರಾಡುತ್ತಿದ್ದ ಒಂದು ಕುರುಡು ಮಗುವನ್ನು ತಂದು ತೊಡೆಯ ಮೇಲೆ ಹಾಕಿದರು. ನಾನು ಅದನ್ನು ತೂಗಲಿಲ್ಲ, ತಟ್ಟಲಿಲ್ಲ. ಅದರ ಕೈಯ ಕೆಳಗೆ ನನ್ನ ಕೈ ಇಟ್ಟು ಸುಮ್ಮನೆ ಕಾದೆ. ಸ್ವಲ್ಪ ಹೊತ್ತಿಗೆ ಅದು ನನ್ನ ಬೆರಳು ಎಣಿಸುವಂತೆ ಸವರಿ, ಅಳು ನಿಲ್ಲಿಸಿತು.

"ಇದು ಎಲ್ಲಿ ಕಲಿತದ್ದಮ್ಮಾ?" ಎಂದರು ಮೇಡಂ.

"ಪಕ್ಕದ ಮನೇಲಿ ಒಂದು ಕೂಸಿತ್ತು ಮೇಡಂ."

"ಪಕ್ಕದ ಮನೆ ಅಂದ್ರೆ ಎಷ್ಟು ಪಕ್ಕ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಕೆಲಸ ಕೊಟ್ಟರು.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಉಣಿಸುವುದರಲ್ಲಿ. ಕತ್ತು ನಿಲ್ಲದ ಒಂದು ಮಗುವಿಗೆ ತಾಯಿ ಮಲಗಿಸಿಯೇ ಗಂಜಿ ಹಾಕುತ್ತಿದ್ದಳು. ಅವಳ ಕೈಗೆ ಬಿಡುವು ಕೊಡೋಣ ಎಂದು ನಾನೂ ಹಾಗೆಯೇ ಹಾಕಿದೆ. ಗಂಜಿ ಶ್ವಾಸಕ್ಕೆ ಹೋಗಿ ಮಗು ಸದ್ದಿಲ್ಲದೆ ನೀಲಿಯಾಯಿತು. ಕೆಮ್ಮಲೂ ಇಲ್ಲ. ಬೋರಲು ಹಾಕಿ ಬೆನ್ನಿಗೆ ಹೊಡೆದ ಮೇಲೆ ಉಸಿರು ಬಂತು. ಇಂಥ ಮಕ್ಕಳ ಅಪಾಯಕ್ಕೆ ಸದ್ದಿರುವುದಿಲ್ಲ. ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಗಂಟಲು ನೋಡುತ್ತಾ ಉಣಿಸಿ. ಎಷ್ಟೇ ಹೊತ್ತಾಗಲಿ.

ಆಗ ವ್ಯಾಯಾಮ ಎಂದರೆ ಮಕ್ಕಳನ್ನು ಅಳಿಸುವುದೇ ಆಗಿತ್ತು. ಬಿಗಿದ ಕಾಲನ್ನು ಎಳೆಯುತ್ತಿದ್ದೆವು. ಮಗುವಿನ ಕೈಯನ್ನು ಮೇಲಿನಿಂದ ಹಿಡಿದು ಬೇಕಾದ ಕಡೆ ಒಯ್ಯುತ್ತಿದ್ದೆವು. ಈಗ ಕೈಯ ಕೆಳಗೆ ಕೈ ಇಡಬೇಕು, ಮಗು ತಾನಾಗಿ ಬಂದರೆ ಬರಲಿ ಎನ್ನುತ್ತಾರೆ. ಒಳ್ಳೆಯ ಬದಲಾವಣೆ. ಕಣ್ಣು ಕಿವಿ ಇಲ್ಲದ ಮಗುವಿನ ಕೈಯನ್ನು ನೀವು ಹಿಡಿದರೆ, ಅದರ ಕಣ್ಣಿಗೆ ಬಟ್ಟೆ ಕಟ್ಟಿ, ಬಾಯಿ ಮುಚ್ಚಿದ ಹಾಗೆ.

ಆಂಡಿಪಟ್ಟಿಯ ಮುತ್ತು ಎಂಬ ಹುಡುಗನ ವಿಷಯ ಹೇಳದೆ ಇರಲಾರೆ. ನೇಯ್ಗೆಯವರ ಮನೆ, ಅವರೂ ನಮ್ಮ ಹಾಗೆ ಮನೆಯೊಳಗೆ ಕನ್ನಡ ಆಡುವವರು. ಮುತ್ತುವಿಗೆ ಎರಡು ವರ್ಷ, ಕಾಣದು, ಕೇಳದು. ದಿನಾ ಮಧ್ಯಾಹ್ನ ಗೋಡೆಗೆ ಕೆನ್ನೆ ಒತ್ತಿ ಗಟ್ಟಿಯಾಗಿ ನಗುತ್ತಿದ್ದ. ಅವನ ಅಜ್ಜಿ ಕರ್ಪೂರ ಹಚ್ಚಿ ಕೈ ಮುಗಿದು ನಿಲ್ಲುತ್ತಿದ್ದಳು. "ಇವನ ಕೂಡ ಮಾತಾಡಾಕೆ ಬತ್ತದೆ ಕಣವ್ವಾ, ಸಾಮಿ" ಎನ್ನುತ್ತಿದ್ದಳು. ನಾನೂ ಗೋಡೆಗೆ ಕೆನ್ನೆ ಇಟ್ಟೆ. ಹಿಂದಿನ ಮನೆಯ ವಿದ್ಯುತ್ ಮಗ್ಗಗಳ ಅದುರು ಗೋಡೆಯಲ್ಲಿ ಬರುತ್ತಿತ್ತು. "ಅಜ್ಜೀ, ಸಾಮಿ ಅಲ್ಲ, ಮಗ್ಗ" ಎಂದೆ. ಅಂದಿನಿಂದ ಪಾತ್ರೆ, ಡಬ್ಬ, ಡೋಲು ಏನು ಸಿಕ್ಕರೂ ಅವನ ಕೆನ್ನೆಗೆ ಹಿಡಿದು ಪಾಠ ಮಾಡಿದೆವು, ಚೆನ್ನಾಗಿ ಕಲಿತ. ಮೂರು ತಿಂಗಳ ಮೇಲೆ ನೇಕಾರರು ಮುಷ್ಕರ ಹೂಡಿದರು. ಬೀದಿಯೆಲ್ಲ ಸ್ತಬ್ಧ, ಮಗ್ಗಗಳ ಮೇಲೆ ಬಟ್ಟೆ ಹೊದಿಸಿತ್ತು. ಆ ಮಧ್ಯಾಹ್ನವೂ ಮುತ್ತು ಗೋಡೆಗೆ ಕೆನ್ನೆ ಒತ್ತಿ, ಸ್ವಲ್ಪ ಕಾದು, ನಕ್ಕ. ಅಜ್ಜಿ ನನ್ನ ಮುಖ ನೋಡಿದಳು. ನಾನು ಗೋಡೆಗೆ ಕೆನ್ನೆ ಇಡಲಿಲ್ಲ. ಇಡಬಹುದಿತ್ತು, ಇಡಲಿಲ್ಲ.

ಇನ್ನು ಕಾಮಯಗೌಂಡನ್‌ಪಟ್ಟಿಯ ಮಲ್ಲಿಕಾ.

ಪ್ರತಿ ಪಾಠದ ಕೊನೆಯಲ್ಲಿ ಮಗುವಿಗೆ 'ಮುಗಿಯಿತು' ಎಂದು ಹೇಳಬೇಕು ಎನ್ನುವುದು ಮೇಡಂ ಕಲಿಸಿದ ನಿಯಮ. ಮಗುವಿನ ಎರಡೂ ಕೈಯನ್ನು ನಮ್ಮ ಕೈ ಮೇಲೆ ಇರಿಸಿಕೊಂಡು, ಒಮ್ಮೆ ಹೊರಗೆ ಕೊಡವಬೇಕು. ಖಾಲಿ, ಮುಗಿಯಿತು, ನಾನು ಹೊರಟೆ. ಮೊದಲ ಸಲ ಅದನ್ನು ನೋಡಿದಾಗ ನಾನು ಮುಖ ತಿರುಗಿಸಿದೆ. ನಮ್ಮಲ್ಲಿ ಹಾಗೆ ಕೈ ಕೊಡವುವುದು ಹೂಳುವ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿದ ಮೇಲೆ. ಮೊದಲೇ ಇಂದೋ ನಾಳೆಯೋ ಎಂದು ಉಸಿರು ಹಿಡಿದುಕೊಂಡಿರುವ ಕೂಸು, ಅದರ ಮನೆಯಲ್ಲಿ ಕೂತು ಮುಗಿಯಿತು ಎಂದು ಕೈ ಕೊಡವುವುದೇ? ನನ್ನಿಂದ ಆಗಲಿಲ್ಲ. ಮಾಡುತ್ತಿದ್ದೇನೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಮನೆಗಳಲ್ಲಿ ಮಕ್ಕಳ ಅಂಗೈ ಎರಡು ಸಲ ಒತ್ತಿ ಎದ್ದು ಬರುತ್ತಿದ್ದೆ.

ಮಲ್ಲಿಕಾಗೆ ಮೂರು ವರ್ಷ. ತಾಯಿ ಈಶ್ವರಿ ದ್ರಾಕ್ಷಿ ಕೊಯ್ಯುವ ಕೆಲಸದವಳು, ಬಾಯಿ ಜೋರು. ಮಂಗಳವಾರ, ಶುಕ್ರವಾರ ನನ್ನ ಭೇಟಿ. ಒಂದು ಮಂಗಳವಾರ ಹೋದಾಗ ಮಗುವಿನ ಎಡಗೈಗೆ ಕರಿ ದಾರ ಕಟ್ಟಿತ್ತು, ಬಾಗಿಲಿಗೆ ನಿಂಬೆಹಣ್ಣು.

"ಏನು ಈಶ್ವರಿ, ಪೂಜಾರಿ ಹತ್ರ ಹೋಗಿದ್ಯಾ?"

"ನಗ್‌ಬ್ಯಾಡಿ ಟೀಚರಕ್ಕಾ. ನೀವು ಎದ್ದೋದ ಮ್ಯಾಲೆ ಇವಳ ತಾವ ಯಾರೋ ಬತ್ತಾರೆ."

"ಯಾರು?"

"ಕಂಡಿದ್ರೆ ಪೊರಕೇಲಿ ಬಾರಿಸ್ತಿದ್ದೆ. ಕಾಣಾಕಿಲ್ಲ ಅಂತಲೇ ದಾರ ಕಟ್ಸಿರೋದು. ಬಾಗಿಲ ಕಡೆ ಮುಖ ಮಾಡ್ಕೊಂಡು ಕೈ ನೀಡ್ತಾಳೆ. ತಟ್ಟೇಲಿ ಸೋರ್ ಹಾಕಿದ್ರೆ ಆ ಕೈಲಿ ತಿನ್ನಾಕಿಲ್ಲ. ಮಲಗಿದ್ರೂ ಕೈ ಮುಚ್ಚಾಕಿಲ್ಲ. ಯಾರಿಗೋ ಕೊಡಾಕೆ ಇಟ್ಕೊಂಡಂಗೆ."

ಕಾಳಜಿಯಿಂದ ತಲೆ ಆಡಿಸಿದೆ. ಇದೇನೆಂದು ನನಗೆ ಗೊತ್ತಾಗಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ. ಗೊತ್ತಾಗಿತ್ತು. ನಾನು ಕೈ ಮಡಿಸಿದೆ, ಮಗು ನಕ್ಕಿತು, ಪಾಠ ಮಾಡಿದೆ, ಹೊರಡುವಾಗ ಮತ್ತೆ ಒತ್ತಿದೆ. ಇಷ್ಟು ವರ್ಷದ ಅಭ್ಯಾಸ, ಕೈ ತಾನೇ ಮಾಡಿತು.

ಅದೇ ಹೊತ್ತಿಗೆ ಎಲ್ಲರ ಮನೆಗೂ ವಿಡಿಯೋ ತೆಗೆಯುವ ಫೋನು ಬಂತು. ಭೇಟಿಯ ವಿಡಿಯೋ ತೆಗೆದು ಮೇಡಂಗೆ ಕಳಿಸಬೇಕೆಂದು ಹೊಸ ಪದ್ಧತಿಯಾಯಿತು. ತಾಯಂದಿರೇ ಫೋನನ್ನು ಡಬ್ಬಕ್ಕೆ ಒರಗಿಸಿ ಇಡುತ್ತಿದ್ದರು. ಎಷ್ಟೋ ಸಲ ನಿಲ್ಲಿಸಲು ಮರೆಯುತ್ತಿದ್ದರು. ಮನೆಮನೆಗೆ ಹೋಗುವ ನಾವು ಮಗುವಿನ ಜೊತೆ ಏನು ಮಾಡುತ್ತೇವೆ ಎಂದು ನಮಗೆ ಗೊತ್ತು. ಎದ್ದು ಬಂದ ಮೇಲೆ ಆ ಮಗು ಏನು ಮಾಡುತ್ತದೆ ಎಂದು ನೋಡಿದವರು ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಮೇಡಂ ನನ್ನನ್ನು ಕರೆದು ಬಾಗಿಲು ಹಾಕಿದರು. ಮಲ್ಲಿಕಾಳ ವಿಡಿಯೋ ಓಡುತ್ತಿತ್ತು. ಅದರಲ್ಲಿ ನಾನು ಎದ್ದು ಹೋದೆ. ಮಗು ಅಂಗೈ ತೆರೆದು ಕೂತಿತು. ಹೊರಗಿನ ಚಪ್ಪರದ ದ್ರಾಕ್ಷಿ ಎಲೆಗಳ ನೆರಳು ಅದರ ಮೇಲೆ ಆಡುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ. ತೋಳು ನಡುಗತೊಡಗಿತು, ಕೆಳಗಿಳಿಸಲಿಲ್ಲ. ಆಮೇಲೆ ಯಾರೂ ಇಲ್ಲದ ಬಾಗಿಲ ಕಡೆ ತಿರುಗಿ ಮುಗುಳ್ನಕ್ಕಿತು.

ಮೇಡಂ ಇನ್ನೊಂದು ಹಾಕಿದರು. ಬೇರೆ ಊರು, ಬೇರೆ ಮಗು. ನಾನು ಎದ್ದೆ, ಕೈ ತೆರೆಯಿತು. ಮತ್ತೊಂದು. ಮತ್ತೊಂದು. ಮತ್ತೊಂದು. ಐದು ಊರಿನಲ್ಲಿ ಐದು ಮಕ್ಕಳು ಎಡಗೈ ತೆರೆದುಕೊಂಡು ಬಾಗಿಲಿಗೆ ಮುಖ ಮಾಡಿ ಕೂತಿದ್ದವು. ಒಬ್ಬರನ್ನೊಬ್ಬರು ಎಂದೂ ಮುಟ್ಟದ ಮಕ್ಕಳು.

"ಏನಿದು?" ಎಂದರು.

"ಏನೋ ಆಟ ಮೇಡಂ. ಹೋಗಿ ಬರ್ತೀನಿ ಅಂತ."

"ಬರ್ತೀನಿ ಅಂದಿದೀರಿ. ಯಾವಾಗ ಅಂತ ಹೇಳಿದೀರಾ?"

ನಾನು ಓಡುತ್ತಿದ್ದ ವಿಡಿಯೋದತ್ತ ತಿರುಗಿದೆ.

"ಕಣ್ಣಿರೋ ಮಗು ನೀವು ಬೀದಿ ದಾಟೋದು ನೋಡತ್ತೆ. ಕಿವಿಯಿರೋದು ಚಪ್ಪಲಿ ಸದ್ದು ದೂರ ಆಗೋದು ಕೇಳತ್ತೆ. ಇವಕ್ಕೆ ನೀವು ಹೋಗೋದೇ ಇಲ್ಲಮ್ಮಾ. ಬರ್ತಾನೇ ಇರ್ತೀರಿ" ಎಂದರು. ಆಮೇಲೆ, "ಆ ಪಕ್ಕದ ಮನೆ ಮಗು ಈಗ ಎಲ್ಲಿದೆ?" ಎಂದು ಕೇಳಿದರು.

"ಹೋಯ್ತು ಮೇಡಂ" ಎಂದೆ.

ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಐದೂ ಮನೆಗೆ ಹೋಗಿ ಮುಗಿಸಿ ಬನ್ನಿ ಎಂದರು. ಕಲಿಸಿದ್ದನ್ನು ಅಳಿಸುವುದು ಕಲಿಸುವುದಕ್ಕಿಂತ ಕಷ್ಟ. ದಿನಾ ಹೋದೆ. ಕೈ ಕೊಡವಿದೆ, ಎದ್ದು ನಿಂತೆ, ನನ್ನ ಸೀರೆ ದೂರವಾಗುವುದನ್ನು ಅವರ ಕೈಗೆ ಮುಟ್ಟಿಸಿದೆ. ನಾಲ್ಕು ಮಕ್ಕಳು ಕಲಿತವು. ಅವರಲ್ಲಿ ಮಲ್ಲಿಕಾ ಕೊನೆಯವಳು, ದ್ರಾಕ್ಷಿ ಬಳ್ಳಿ ಸವರಲು ಕತ್ತರಿ ಹಾಕಿದಾಗ ಶುರು ಮಾಡಿದ್ದು ಕೊಯ್ಲಿಗೆ ಮುಗಿಯಿತು. ಐದನೆಯ ಮಗು, ಒಬ್ಬ ಹುಡುಗ, ನಾನು ಅವನ ಸರದಿಗೆ ಬರುವ ಮೊದಲೇ ಜ್ವರದಲ್ಲಿ ತೀರಿಕೊಂಡ. ಮಣ್ಣಿಗೆ ಇಡುವಾಗ ಅವನ ಕೈ ಹೇಗಿತ್ತು ಎಂದು ನಾನು ಅವನ ತಾಯಿಯನ್ನು ಕೇಳಲಿಲ್ಲ.

ಇಷ್ಟು ಬರೆದ ಮೇಲೆ ಬೊಮ್ಮಯ್ಯನ ವಿಷಯಕ್ಕೆ ಬರಲೇಬೇಕು.

ನನಗೆ ಇಪ್ಪತ್ತು, ಅವನಿಗೆ ಒಂಬತ್ತು. ಕಂಬಂ ಕಡೆಯಿಂದ ಒಂದು ಗಂಡು ಬಂತು. ಇಂಥ ತಮ್ಮನಿದ್ದಾನೆ ಎಂದರೆ ನನ್ನ ಹೊಟ್ಟೆಯಲ್ಲಿಯೂ ಅಂಥದೇ ಹುಟ್ಟುತ್ತದೆ ಎಂದು ಹಿಂದೆ ಎರಡು ಕಡೆಯವರು ಎದ್ದು ಹೋಗಿದ್ದರು. ಅವ್ವ ಯಾರನ್ನೋ ಹಿಡಿದು ದಿಂಡಿಗಲ್ಲಿನ ಆಶ್ರಯಮನೆಯಲ್ಲಿ ಜಾಗ ಕೇಳಿದಳು. ಕರೆದುಕೊಂಡು ಹೋದವಳು ನಾನು. ಅವನು ನನ್ನ ಜೊತೆ ಅಲ್ಲದೆ ಬಸ್ಸು ಹತ್ತುತ್ತಿರಲಿಲ್ಲ. ಅಲ್ಲಿನ ಜಗಲಿಯ ಬೆಂಚಿನ ಮೇಲೆ ಕೂರಿಸಿ, ಎಡಗೈ ಅಂಗೈಯನ್ನು ಎರಡು ಸಲ ಒತ್ತಿದೆ. ಅವನು ಕೈ ತೆರೆದು ಹಿಡಿದ. ನಾನು ಬಸ್ ನಿಲ್ದಾಣದವರೆಗೆ ಓಡಿದೆ. ಓಡಬೇಕಾದ ಅಗತ್ಯವೇ ಇರಲಿಲ್ಲ, ಯಾರು ಅಟ್ಟಿಸಿಕೊಂಡು ಬರುತ್ತಿದ್ದರು?

ಗಂಡಿನ ಕಡೆಯವರು ಬಂದು, "ಒಬ್ಬ ಹುಡುಗ ಇದ್ನಲ್ಲ?" ಎಂದು ಕೇಳಿದರು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋದ" ಎಂದಳು. ಅಷ್ಟೇ. ಸುಳ್ಳು ಹೇಳಲಿಲ್ಲ. ಹೋಗಿದ್ದ, ದಿಂಡಿಗಲ್ಲಿಗೆ. ಅವರು ತಲೆ ತಗ್ಗಿಸಿ ಕೂತರು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. 'ಬರ್ತಾನೆ' ಎನ್ನುವ ಒಂದು ಮಾತನ್ನು ನಾನು ಸೇರಿಸಬಹುದಿತ್ತು.

ನನ್ನ ಗಂಡ ಮೆದು ಮನಸ್ಸಿನವರು. ಮದುವೆಯಾದ ವರ್ಷ ಆಷಾಢದ ಆಡಿ ಅಮಾವಾಸ್ಯೆಗೆ ಸುರುಳಿ ಜಲಪಾತಕ್ಕೆ ಹೋಗಿ ಅವರ ಹಿರಿಯರಿಗೆ ಎಳ್ಳುನೀರು ಬಿಡುವಾಗ, "ನಿನ್ನ ತಮ್ಮಂಗೂ ಬಿಡ್ತೀನಿ. ಸಣ್ಣ ಕೂಸು, ಅವನಿಗೆ ಯಾರವ್ರೆ?" ಎಂದರು. ನೀರಿನಲ್ಲಿ ನಿಂತು ಬೊಮ್ಮಯ್ಯನ ಹೆಸರು ಹೇಳಿ ಎಳ್ಳುನೀರು ಬಿಟ್ಟರು. ಬದುಕಿರುವವನಿಗೆ. ನಾನು ಪಕ್ಕದಲ್ಲಿ ಒದ್ದೆ ಸೀರೆಯಲ್ಲಿ ನಿಂತು ನೋಡಿದೆ. ಪ್ರತಿ ವರ್ಷ ಬಿಟ್ಟರು, ಪ್ರತಿ ವರ್ಷ ನೋಡಿದೆ.

ಅದಾದ ವಾರ, ಏನಾದರೂ ನೆಪ ಹೇಳಿ, ದಿಂಡಿಗಲ್ಲಿಗೆ ಹೋಗುತ್ತಿದ್ದೆ. ಬದುಕಿದ್ದಾನಾ ಎಂದು ನೋಡಲು. ಊರಿನವಳು ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅವನು ಅದೇ ಬೆಂಚಿನಲ್ಲಿ ಇರುತ್ತಿದ್ದ. ನಾನು ಐದು ಹೆಜ್ಜೆ ದೂರದ ಕಂಬದ ಬಳಿ ನಿಂತು ನೋಡುತ್ತಿದ್ದೆ. ಕಾಣದವನು, ಕೇಳದವನು, ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಬಂದ ಹಾಗೆ, ಬಂದರೆ ಮತ್ತೆ ಬಿಟ್ಟು ಹೋಗಬೇಕು. ಮೊದಲ ಎರಡು ವರ್ಷ ಅಂಗೈ ತೆರೆದೇ ಇತ್ತು. ಮೂರನೆಯ ವರ್ಷ ಮುಷ್ಟಿ ಕಟ್ಟಿತ್ತು. ಮರೆತಿದ್ದಾನೆ ಎಂದುಕೊಂಡೆ. ಸಮಾಧಾನವಾಯಿತು. ಆ ದಿನ ಬಸ್ ನಿಲ್ದಾಣದಲ್ಲಿ ಹೊಟ್ಟೆ ತುಂಬ ತಿಂದೆ.

ಕಾಗದ ಬಂದ ಮೇಲೆ ಗಂಡನಿಗೆ ಎಲ್ಲ ಹೇಳಿದೆ.

"ಬದುಕಿರೋನ ತಲೆ ಮ್ಯಾಲೆ ಎಳ್ಳುನೀರು ಬಿಡಿಸ್ದಲ್ಲೇ, ವರ್ಷ ವರ್ಷ" ಎಂದರು. ಆಮೇಲೆ, "ಅದು ಯಾರು ಕುಡಿದ್ರೋ" ಎಂದರು. ಮರುದಿನ ಬೆಳಿಗ್ಗೆ ತಾವೇ ಹಿಂದಿನ ಕೋಣೆ ಖಾಲಿ ಮಾಡಿ, ಮೂಲೆಗಳು ತಾಗದಂತೆ ಮಂಚಕ್ಕೆ ಬಟ್ಟೆ ಸುತ್ತಿದರು. "ಕರ್ಕೊಂಬಾ. ನಾನು ಅವನ ಕಾಲಿಗೆ ಬೀಳ್ಬೇಕು."

ಇಲ್ಲಿಂದ ಮುಂದಿನದು ಹೋಗಿ ಬಂದ ಮೇಲೆ ಬರೆದದ್ದು.

ಗಂಡಸರ ವಿಭಾಗವನ್ನು ನೋಡಿಕೊಳ್ಳುವ ಪಾಂಡಿಯಮ್ಮ ನನಗೆ ಮುಖ ಪರಿಚಯದವಳು. ಹುಡುಗಿಯಾಗಿದ್ದಾಗಿನಿಂದ ಅಲ್ಲೇ ಇದ್ದಾಳೆ. "ವಾಂಗಮ್ಮಾ, ಬನ್ನಿ, ಈ ಸಲ ಆಡಿ ಮಾಸ ಅಲ್ವಲ್ಲ?" ಎಂದಳು.

"ನಾನು ಊರಿನವಳಲ್ಲ ಪಾಂಡಿಯಮ್ಮ. ಅವನ ಅಕ್ಕ."

ಅವಳು ನನ್ನನ್ನು ನೋಡಲಿಲ್ಲ. ಜಗಲಿಯ ಬೆಂಚಿನ ಕಡೆ ನೋಡಿದಳು. ಬೊಮ್ಮಯ್ಯ ಬಲಗಡೆಗೆ ಜರುಗಿ ಕೂತಿದ್ದ. ತಲೆ ನರೆತಿತ್ತು. ಎಡಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ.

"ಹಾಗಿದ್ರೆ ಅಲ್ಲಿ ಕೂತಿರೋದು ಯಾರಮ್ಮಾ?" ಎಂದಳು.

ಅವಳು ಹೇಳಿದ್ದು ಇಷ್ಟು. ಅವನು ಬಂದ ಮೂರನೇ ವರ್ಷ, ಒಂದು ಮಧ್ಯಾಹ್ನ, ಹತ್ತಿರ ಯಾರೂ ಇರಲಿಲ್ಲ. ತೆರೆದಿದ್ದ ಎಡಗೈ ಬೆರಳು ಒಂದೊಂದಾಗಿ ಮಡಿಸಿಕೊಂಡವು. ಅವನು ನಕ್ಕ. ಬೆಂಚಿನಲ್ಲಿ ಜರುಗಿ ಜಾಗ ಬಿಟ್ಟ. ಅಂದಿನಿಂದ ಆ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ. ಊಟಕ್ಕೆ ಹೋಗುವಾಗ ಎಡಗೈ ಚಾಚಿ ಯಾರನ್ನೋ ಹಿಡಿದುಕೊಂಡ ಹಾಗೆ ನಡೆಯುತ್ತಾನೆ. "ಅವನಿಗೆ ಒಬ್ಬರು ಇದಾರೆ ಅಂತ ನಾವು ಬಿಟ್ಟು ಬಿಟ್ವಿ. ಒಳ್ಳೇವ್ರಮ್ಮಾ. ಅವರು ಬಂದ ಮೇಲೆ ಇವನು ಒಂದು ದಿನ ಅತ್ತಿಲ್ಲ."

ಆ ಮಧ್ಯಾಹ್ನ ನಾನು ಕಂಬದ ಬಳಿ ನಿಂತಿದ್ದೆನೇ ಎಂದು ಲೆಕ್ಕ ಹಾಕಲು ಹೋಗಲಿಲ್ಲ.

ನಾನು ಹೋಗಿ ಆ ಖಾಲಿ ಜಾಗದಲ್ಲಿ ಕೂತೆ. ಬೊಮ್ಮಯ್ಯ ಬೆಚ್ಚಿದ. ಎರಡೂ ಕೈಯಿಂದ ನನ್ನ ತೋಳು ಹಿಡಿದು, ಒರಟಾಗಿ ಅಲ್ಲ, ಬಸ್ಸಿನಲ್ಲಿ ತಪ್ಪು ಸೀಟಿಗೆ ಬಂದವರನ್ನು ಎಬ್ಬಿಸುವ ಹಾಗೆ, ಎಬ್ಬಿಸಿದ. ನಾನು ಎದುರಿಗೆ ಮೊಣಕಾಲೂರಿ ಅವನ ಎಡಗೈಯ ಬೆರಳು ಮಡಿಸಿದೆ. ಬಂದೆ, ಬೊಮ್ಮಾ. ಅವನು ಸ್ವಲ್ಪ ಹೊತ್ತು ನನ್ನ ಕೈಯನ್ನು ಸವರಿ ನೋಡಿದ. ಮುದುಕಿಯ ಕೈ. ಆಮೇಲೆ ಅದನ್ನು ಎತ್ತಿಕೊಂಡು ಹೋಗಿ ಪಕ್ಕದ ಖಾಲಿ ಜಾಗದ ಮೇಲೆ ಇಟ್ಟ. ಇಟ್ಟು, ತಾನು ಕೈ ತೆಗೆದು ಕಾದ. ಯಾರೋ ಹೊಸಬರು ಬಂದಿದ್ದಾರೆ ಎಂದು ತನ್ನವರಿಗೆ ಪರಿಚಯ ಮಾಡಿಸುತ್ತಿದ್ದ.

ಹಲಗೆಯ ಮೇಲೆ ನನ್ನ ಕೈ ಇತ್ತು. ನಾನು ತೆಗೆಯುವ ಧೈರ್ಯ ಮಾಡಲಿಲ್ಲ.

ಹದಿನಾಲ್ಕು ದಿನ ಹೋದೆ. ನಿಮಗೆ ಕಲಿಸಿದ ಹಾಗೆಯೇ ಮೊದಲಿನಿಂದ ಶುರು ಮಾಡಿದೆ. ಹೊಸಬಳಂತೆ ಅವನ ಬಲ ಮೊಣಕೈ ಮುಟ್ಟಿ, ನನ್ನ ಬಳೆಯನ್ನು ಹೆಸರಿನ ಗುರುತಾಗಿ ಅವನಿಗೆ ಮುಟ್ಟಿಸಿದೆ, ಬಲಗಡೆ ಕೂತೆ, ಕೈಯ ಕೆಳಗೆ ಕೈ ಇಟ್ಟೆ. ಒಪ್ಪಿಕೊಂಡ. ನಾನು ಕೊಟ್ಟ ಬಾಳೆಹಣ್ಣನ್ನು ಮುರಿದು ಅರ್ಧ ಎಡಗಡೆ ಇಟ್ಟ. ಹೊರಡುವಾಗ ಪ್ರತಿ ದಿನವೂ ಮುಗಿಯಿತು ಎಂದು ಕೈ ಕೊಡವಿದೆ. ಅವನು ನನಗಾಗಿ ಅಂಗೈ ತೆರೆಯಲಿಲ್ಲ. ಏಳನೆಯ ದಿನದಿಂದ ಗೇಟಿನವರೆಗೆ ನಡೆಸಿದೆ. ಕಬ್ಬಿಣದ ಸರಳು ಕೈಗೆ ತಾಗಿದ ಕೂಡಲೇ ನಿಲ್ಲುತ್ತಿದ್ದ. ಎಡಗೈಯವರನ್ನು ಏನೋ ಕೇಳುವಂತೆ ತಿರುಗಿ, ಬೆಂಚಿಗೆ ವಾಪಸು ಹೋಗುತ್ತಿದ್ದ. ಎಳೆದು ಆಟೋದಲ್ಲಿ ಕೂರಿಸಬಹುದಿತ್ತು. ಒಮ್ಮೆ ಅವನಿಗೆ ತಿಳಿಸದೆ ಇಲ್ಲಿಗೆ ತಂದವಳು ನಾನೇ. ಎರಡನೆಯ ಸಲ ಆಗಲಿಲ್ಲ.

ಕೊನೆಯ ದಿನ ಆಫೀಸಿನವರು ಅರ್ಜಿ ಕೊಟ್ಟರು. 'ಸಂಬಂಧ' ಎಂಬಲ್ಲಿ ಅಕ್ಕ ಎಂದು ಬರೆದೆ. 'ಜೊತೆಗೆ ಬರಲು ಒಪ್ಪಿದರೇ' ಎಂಬಲ್ಲಿ ಇಲ್ಲ ಎಂದು ಬರೆದೆ. ಕೆಳಗೆ ವಿಶೇಷ ಸೂಚನೆಗೆ ಸ್ವಲ್ಪ ಜಾಗವಿತ್ತು. ಬೊಮ್ಮಯ್ಯನ ಎಡಗಡೆಯ ಜಾಗದಲ್ಲಿ ಯಾರನ್ನೂ ಕೂರಿಸಬಾರದು ಎಂದು ಬರೆದು ಸಹಿ ಮಾಡಿದೆ.

ಸಾಗಿಸುವ ದಿನ ನಾನೂ ಗಂಡನೂ ಹೋಗಿದ್ದೆವು. ಪಾಂಡಿಯಮ್ಮ ಕೈಹಿಡಿದಾಗ ಬೊಮ್ಮಯ್ಯ ಗೇಟಿನಲ್ಲಿ ನಿಲ್ಲಲಿಲ್ಲ. ಅವಳು ಹಿಂದಿನ ದಿನಗಳಲ್ಲಿ ಆ ವ್ಯಾನನ್ನು ಅವನಿಗೆ ಮುಟ್ಟಿಸಿ, ಹತ್ತಿಸಿ, ಇಳಿಸಿ ಪರಿಚಯ ಮಾಡಿಸಿದ್ದಳು. ನನ್ನ ಗಂಡ ಬಗ್ಗಿ ಅವನ ಪಾದ ಮುಟ್ಟಿದರು. ಅವನಿಗೆ ಕಚಗುಳಿಯಾಗಿ ಕಾಲು ಎಳೆದುಕೊಂಡ. ವ್ಯಾನಿನಲ್ಲಿ ಜನ ಇಕ್ಕಟ್ಟಾಗಿ ಕೂತಿದ್ದರು. ಅವನ ಎಡಗಡೆಯ ಸೀಟು ಮಾತ್ರ ಖಾಲಿ. ಡ್ರೈವರ್ ಅದನ್ನು ನೋಡಿ, "ಜಾಗ ಇದೆಯಲ್ಲಮ್ಮಾ, ನೀವೂ ಬರ್ತೀರಾ?" ಎಂದು ನನ್ನನ್ನು ಕೇಳಿದ.

ಇಲ್ಲ ಎಂದು ತಲೆಯಾಡಿಸಿದೆ. ಇಂಜಿನ್ ಶುರುವಾಯಿತು. ಅದರ ಅದುರು ಮೈಗೆ ತಾಗಿದ್ದೇ, ಬೊಮ್ಮಯ್ಯ ಎಡಗೈ ಚಾಚಿ ಪಕ್ಕದಲ್ಲಿದ್ದವರನ್ನು ಭದ್ರವಾಗಿ ಹಿಡಿದುಕೊಂಡ.